ಇಬ್ಬನಿ ತೊಳೆಯಲಾರದ ಮಚ್ಚೆ

ಭೂಮಿ ಇನ್ನೂ ಈಗ ತಾನೇ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಬೆಚ್ಚಗೆ, ಮೆತ್ತಗೆ ಇದ್ದ ಕಾಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು. ಹೊಳೆಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಈ ಕಡೆ ಹರಿದರೆ ಮರುದಿನ ಆ ಕಡೆ ಹರಿಯುತ್ತಿದ್ದವು. ಗಾಳಿ, ಬಿಸಿಲು, ನೆಲ, ಇರುವೆ, ಎಲೆ, ಎಲ್ಲರದೂ ಒಂದೇ ಮಾತು. ಯಾರು ಯಾರನ್ನು ಬೇಕಾದರೂ ನಿಲ್ಲಿಸಿ ಕ್ಷೇಮ ಕೇಳಬಹುದಿತ್ತು.

ಆ ಕಾಲದಲ್ಲಿ ಎಲ್ಲರಿಗೂ ನೆನಪಿತ್ತು. ಇರುವೆಗೆ ಗೂಡಿನ ದಾರಿ ನೆನಪಿತ್ತು. ಹಸುವಿಗೆ ಕರುವಿನ ವಾಸನೆ ನೆನಪಿತ್ತು. ಕಾಗೆಗಂತೂ ಯಾರು ಕಲ್ಲೆಸೆದರು, ಎಷ್ಟು ದೊಡ್ಡ ಕಲ್ಲು ಎಂಬುದು ಕೂಡ ನೆನಪಿತ್ತು.

ಗಿಡಗಳಿಗೆ ಮಾತ್ರ ನೆನಪಿರಲಿಲ್ಲ.

ಅದಕ್ಕೆ ಕಾರಣ ಇಬ್ಬನಿಯವ್ವ. ಕೆಟ್ಟವಳಲ್ಲ, ಬಹಳ ಒಳ್ಳೆಯ ಮುದುಕಿ. ಬೆಳಕು ಹರಿಯುವ ಮೊದಲೇ ಬರುತ್ತಿದ್ದಳು. ಬಿಳಿ ಸೀರೆ, ಒದ್ದೆ ಸೆರಗು. ಒಂದೊಂದೇ ಎಲೆಯ ಗಲ್ಲ ಹಿಡಿದು, ಮಕ್ಕಳ ಮುಖ ಒರೆಸುವ ಹಾಗೆ ಒರೆಸುತ್ತಿದ್ದಳು. ಒರೆಸುತ್ತಾ ಹೇಳುತ್ತಿದ್ದಳು:

"ನಿನ್ನೆಯ ಧೂಳು ನಿನ್ನೆಗೆ, ಇಂದಿನ ಬೆಳಕು ಇಂದಿಗೆ. ಮುಖ ಎತ್ತು ಕಂದಾ, ಮುಖ ಎತ್ತು."

ಅವಳ ಸೆರಗು ಧೂಳನ್ನು ಒರೆಸುತ್ತಿತ್ತು. ಜೊತೆಗೆ ನಿನ್ನೆಯನ್ನೂ ಒರೆಸಿಬಿಡುತ್ತಿತ್ತು. ಎಲೆಗಳು ಪ್ರತಿ ಬೆಳಿಗ್ಗೆ ಹೊಸದಾಗಿ ಹುಟ್ಟಿದವರಂತೆ ನಗುತ್ತಿದ್ದವು. ನಿನ್ನೆ ಯಾರು ಬಂದರು, ಯಾರು ಕಚ್ಚಿದರು, ಯಾರು ಮುರಿದರು, ಒಂದೂ ಗೊತ್ತಿಲ್ಲ.

ಮೇಕೆಗೆ ಇದರಿಂದ ತುಂಬಾ ಅನುಕೂಲವಾಗಿತ್ತು. ಆಗ ಜಾಲಿ ಮರಕ್ಕೆ ಮುಳ್ಳಿರಲಿಲ್ಲ. ಮೇಕೆ ದಿನವೂ ಬಂದು ಅದರ ಚಿಗುರು ತಿನ್ನುತ್ತಿತ್ತು. ಜಾಲಿ ದಿನವೂ ಕೇಳುತ್ತಿತ್ತು, "ಯಾರಪ್ಪಾ ನೀನು? ಈ ಕಡೆಗೆ ಹೊಸಬನಾ?"

"ಹ್ಞೂಂ ಕಣಕ್ಕಾ, ಈಗ ತಾನೇ ಬಂದೆ," ಅನ್ನುತ್ತಿತ್ತು ಮೇಕೆ, ಬಾಯಿ ತುಂಬ ಜಾಲಿಯ ಚಿಗುರೇ ಇಟ್ಟುಕೊಂಡು.

ಹೀಗಿರುವಾಗ, ಒಂದು ಕಲ್ಲುಗುಡ್ಡದ ಕೆಳಗೆ ಒಂದು ರಾಗಿ ಹೊಲವಿತ್ತು. ರಾಗಿಯ ಸಾಲುಗಳ ನಡುನಡುವೆ ಅವರೆ, ತೊಗರಿ, ಹರಳು ಬಿತ್ತುತ್ತಾರಲ್ಲ, ನಮ್ಮ ಕಡೆ ಅದಕ್ಕೆ ಅಕ್ಕಡಿ ಸಾಲು ಅನ್ನುತ್ತಾರೆ. ರಾಗಿ ಇರುವಷ್ಟು ದಿನ ಅವರೆ ತಲೆ ತಗ್ಗಿಸಿಕೊಂಡಿರುತ್ತದೆ. ರಾಗಿ ಕೊಯ್ದು ಹೋಯಿತೋ, ಚಳಿ ಶುರುವಾಯಿತೋ, ಹೊಲವೆಲ್ಲ ಅವರೆಯದೇ. ಆ ಹೊಲದ ಅಕ್ಕಡಿ ಸಾಲಿನಲ್ಲಿ ಒಂದು ಅವರೆ ಬಳ್ಳಿ ಇತ್ತು. ಅದಕ್ಕೆ ಹೂ ಬಂದಿತ್ತು, ಹೂವಿನ ಹಿಂದೆ ಉಗುರಿನಷ್ಟೇ ದೊಡ್ಡ ಎಳೆಕಾಯಿ ಬಂದಿತ್ತು.

ಆಗ ಬಂದ ತುಕ್ಕಣ್ಣ.

ತುಕ್ಕಣ್ಣ ಒಂದು ರೋಗ. ಆದರೆ ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಕೆಂಪು ಪುಡಿಯ ರುಮಾಲು, ಕೆಂಪು ಪುಡಿಯ ಅಂಗಿ. ಗಾಳಿಯ ಹೆಗಲ ಮೇಲೆ ಕೂತು ಊರೂರು ತಿರುಗುತ್ತಿದ್ದ. ಮಾತು ಮಾತ್ರ ಬೆಣ್ಣೆ. ಎಲೆಗಳ ಬೆನ್ನಿಗೆ ಉಸಿರಾಡಲು ಸಣ್ಣ ಸಣ್ಣ ಬಾಗಿಲುಗಳಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ತುಕ್ಕಣ್ಣ ಆ ಬಾಗಿಲಿಗೆ ಬಂದು ನಿಂತು ಹೇಳುತ್ತಿದ್ದ:

"ದೂರದಿಂದ ಬಂದೆ ತಾಯೀ, ಬಾಯಿ ಒಣಗಿದೆ. ಒಂದು ಗುಟುಕು ನೀರು, ಕೂರಲು ಒಂದು ಚೂರು ಜಾಗ. ಅಷ್ಟೇ."

ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸುವುದು ಗಿಡಗಳಿಗೆ ಗೊತ್ತೇ ಇರಲಿಲ್ಲ. "ಅಯ್ಯೋ ಬಾರಪ್ಪಾ," ಅನ್ನುತ್ತಿತ್ತು ಅವರೆ ಬಳ್ಳಿ. ಇಬ್ಬನಿಯವ್ವ ಬಿಟ್ಟುಹೋದ ಹನಿ ಎಲೆಯ ಮೇಲೆ ಇರುತ್ತಿತ್ತು. ತುಕ್ಕಣ್ಣ ಆ ಹನಿ ಕುಡಿದು, ಚುರುಕಾಗಿ, ಒಳಗೆ ಹೋಗಿ ಕೂರುತ್ತಿದ್ದ. ಕೂತವನು ಏಳುತ್ತಿರಲಿಲ್ಲ. ಒಳಗಿನ ಅನ್ನವನ್ನೆಲ್ಲ ಉಂಡು, ಮನೆ ತುಂಬ ಮಕ್ಕಳು ಮಾಡಿ, ಎಲೆ ಹಳದಿಯಾಗಿ ಉದುರಿದ ಮೇಲೆ ಪಕ್ಕದ ಎಲೆಗೆ ಹೋಗಿ, "ದೂರದಿಂದ ಬಂದೆ ತಾಯೀ" ಅನ್ನುತ್ತಿದ್ದ.

ಬೆಳಿಗ್ಗೆ ಬಳ್ಳಿ ಕಣ್ಣು ಬಿಟ್ಟು ಕೆಳಗೆ ನೋಡುತ್ತಿತ್ತು. ಕಾಲ ಬುಡದಲ್ಲಿ ಹಳದಿ ಎಲೆಗಳ ರಾಶಿ.

"ನೆಲದವ್ವಾ, ಇವು ಯಾರ ಎಲೆ?" ಅಂತ ಕೇಳುತ್ತಿತ್ತು.

"ನಿನ್ನವೇ ಮಗಳೇ," ಅನ್ನುತ್ತಿತ್ತು ನೆಲ.

"ನನ್ನವಾ? ಯಾವಾಗ ಬಿದ್ದವು?"

"ನಿನ್ನೆಯೂ ಇದನ್ನೇ ಕೇಳಿದೆ. ಮೊನ್ನೆಯೂ ಇದನ್ನೇ ಕೇಳಿದೆ," ಅಂತ ನೆಲ ನಿಟ್ಟುಸಿರು ಬಿಡುತ್ತಿತ್ತು.

ಅದೇ ಬಳ್ಳಿಯ ಮೇಲೆ ಒಂದು ಕರಿ ಇರುವೆ ಓಡಾಡುತ್ತಿತ್ತು. ಬಹಳ ಬಾಯಿಬಡುಕ ಇರುವೆ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟಿತು, ಅಂದಿನಿಂದ ದಿನವೂ ಅದನ್ನೇ ಹೇಳುತ್ತಿತ್ತು.

"ನೋಡಕ್ಕಾ," ಅಂದಿತು, "ನಿನ್ನ ಅರ್ಧ ಎಲೆ ಹೋಯಿತು. ಇನ್ನರ್ಧ ಹೋದರೆ ಕಾಯಿ ಬಲಿಯುವುದಿಲ್ಲ. ಕಾಯಿ ಬಲಿಯದಿದ್ದರೆ ಒಳಗಿನ ಮಕ್ಕಳು ಸೊರಗಿ ಸಾಯುತ್ತವೆ. ಆ ಕೆಂಪು ರುಮಾಲಿನವನನ್ನು ದಿನಾ ನೀನೇ ಕರೆದು ಕೂರಿಸುತ್ತೀಯ."

ಬಳ್ಳಿ ನಡುಗಿಹೋಯಿತು. "ನಾನಾ? ಹಾಗಾದರೆ ಇನ್ನು ಕರೆಯುವುದಿಲ್ಲ."

"ನೀನು ಹೀಗೆ ಹೇಳುತ್ತಿರುವುದು ಇದು ನಾಲ್ಕನೇ ದಿನ," ಅಂದಿತು ಇರುವೆ.

ಬಳ್ಳಿ ತನ್ನ ಎಳೆಕಾಯಿಗಳನ್ನು ನೋಡಿಕೊಂಡಿತು. ಹಸಿರು ತೊಟ್ಟಿಲೊಳಗೆ ಕಾಳುಗಳು ಸಾಲಾಗಿ ಮಲಗಿದ್ದವು. ಅವಕ್ಕೆ ಇನ್ನೂ ಒಂದು ತಿಂಗಳು ಬೇಕು. ಒಂದು ತಿಂಗಳು ಎಲೆ ಉಳಿಯಬೇಕು.

"ಇರುವೆ, ನೀನು ಹೇಗೆ ನೆನಪಿಟ್ಟುಕೊಳ್ಳುತ್ತೀಯ?"

"ಗುರುತು ಇಡುತ್ತೇನೆ. ನಡೆದ ದಾರಿಗೆಲ್ಲ ಸ್ವಲ್ಪ ವಾಸನೆ ಬಿಡುತ್ತೇನೆ. ತಲೆಯಲ್ಲಿ ಏನು ಇದ್ದೀತು ಅಕ್ಕಾ, ನನ್ನ ತಲೆ ಎಷ್ಟಿದೆ ನೋಡು."

"ಹಾಗಾದರೆ ನನಗೂ ಒಂದು ಗುರುತು ಇಡು."

ಇರುವೆ ಕೆಮ್ಮಣ್ಣು ತಂದು ಎಲೆಯ ಮೇಲೆ ಒಂದು ಬೊಟ್ಟು ಇಟ್ಟಿತು. ಬೆಳಿಗ್ಗೆ ಇಬ್ಬನಿಯವ್ವ ಬಂದಳು. "ಇದೇನೇ ಕಂದಾ ಮುಖಕ್ಕೆ ಮಣ್ಣು ಮಾಡಿಕೊಂಡಿದ್ದೀಯ," ಅಂತ ಬೈದು, ಎರಡು ಸಲ ಜಾಸ್ತಿ ಒರೆಸಿ ಹೋದಳು. ಬೊಟ್ಟೂ ಹೋಯಿತು, ನಿನ್ನೆಯೂ ಹೋಯಿತು.

ಇರುವೆ ಹಣೆ ಚಚ್ಚಿಕೊಂಡು ಮೊದಲಿನಿಂದ ಎಲ್ಲ ಹೇಳಿತು. ರುಮಾಲಿನವನು, ಅರ್ಧ ಎಲೆ, ಕಾಯಿ, ಗುರುತು, ಬೊಟ್ಟು, ಸೆರಗು. ಬಳ್ಳಿ ಗಮನವಿಟ್ಟು ಕೇಳಿತು. ಮರುದಿನ ಮತ್ತೆ ಹೇಳಬೇಕಾಯಿತು. ಅದರ ಮರುದಿನವೂ. ಅಷ್ಟರಲ್ಲಿ ಇನ್ನೊಂದು ಕವಲಿನ ಎಲೆಗಳು ಉದುರಿದವು.

ಬೊಟ್ಟು ಹೋದ ಐದನೇ ದಿನ ಬಳ್ಳಿ ಕೇಳಿತು, "ಒರೆಸಿದರೂ ಹೋಗದ ಗುರುತು ಯಾವುದೂ ಇಲ್ಲವಾ?"

ಇರುವೆಗೆ ಗೊತ್ತಿರಲಿಲ್ಲ. ನೆಲಕ್ಕೆ ಗೊತ್ತಿತ್ತು. "ಒಂದಿದೆ. ಬಿಸಿಲಪ್ಪನನ್ನು ಕೇಳು. ಇವತ್ತೇ ಕೇಳು. ನಾಳೆಗೆ ಇದು ನಿನಗೆ ನೆನಪಿರುವುದಿಲ್ಲ," ಅಂದಿತು.

ನಡು ಹಗಲು. ಬಿಸಿಲಪ್ಪ ನೆತ್ತಿಯ ಮೇಲೆ ಬಂದಾಗ ಬಳ್ಳಿ ಇದ್ದಬದ್ದ ಎಲೆಗಳನ್ನೆಲ್ಲ ಅವನ ಕಡೆ ತಿರುಗಿಸಿತು. "ಅಪ್ಪಾ, ಒರೆಸಿದರೂ ಹೋಗದ ಗುರುತು ನನಗೆ ಬೇಕು."

ಬಿಸಿಲಪ್ಪ ಯೋಚನೆ ಮಾಡಿದ. "ಅದು ಸುಟ್ಟ ಗುರುತು ಮಗಳೇ. ನೋವಾಗುತ್ತದೆ. ಸುಟ್ಟ ಜಾಗ ಸತ್ತುಹೋಗುತ್ತದೆ, ಮತ್ತೆ ಹಸಿರಾಗುವುದಿಲ್ಲ. ನಿನ್ನ ಮುಖ ಇಬ್ಬನಿಯವ್ವ ತೊಳೆದಿಟ್ಟ ಹಾಗೆ ಇರುವುದಿಲ್ಲ."

"ಮುಖ ಇಟ್ಟುಕೊಂಡು ಏನು ಮಾಡಲಿ? ನನ್ನ ಕಾಯಿ ಬಲಿಯಬೇಕು."

"ಹಾಗಾದರೆ ಕೇಳು. ದಿನಾ ನನ್ನನ್ನು ಕುಡಿಯುತ್ತೀಯಲ್ಲ, ಅದರಲ್ಲಿ ಒಂದು ಕಿಡಿಯನ್ನು ಅರಗಿಸಿಕೊಳ್ಳದೆ ಹಾಗೇ ಇಟ್ಟುಕೋ. ಅವನು ಬಂದು ಕೂತಾಗ, ಅವನು ಕೂತ ಜಾಗದ ಸುತ್ತ ನಿನ್ನನ್ನು ನೀನೇ ಸುಟ್ಟುಕೋ. ಅವನಿಗೆ ಬೇಕಾದದ್ದು ಹಸಿ ಎಲೆ. ಸುತ್ತ ಸತ್ತ ಎಲೆಯಾದರೆ ಅವನು ಒಂದು ಹೆಜ್ಜೆ ಮುಂದೆ ಇಡಲಾರ."

ಬಳ್ಳಿ ಕಿಡಿಯನ್ನು ಎಲೆಯ ಒಳಗೆ ಬಚ್ಚಿಟ್ಟುಕೊಂಡಿತು.

ಸಂಜೆ, ಎಲೆಗಳು ತಣ್ಣಗಾಗಿ ಬೆವರುವ ಹೊತ್ತಿಗೆ, ತುಕ್ಕಣ್ಣ ಬಂದ. "ದೂರದಿಂದ ಬಂದೆ ತಾಯೀ, ಬಾಯಿ ಒಣಗಿದೆ. ಒಂದು ಗುಟುಕು ನೀರು, ಕೂರಲು ಒಂದು ಚೂರು ಜಾಗ. ಅಷ್ಟೇ."

"ಬಾರಪ್ಪಾ," ಅಂದಿತು ಬಳ್ಳಿ.

ಅವನು ಒಳಗೆ ಬಂದ. ಚಕ್ಕಳಮಕ್ಕಳ ಹಾಕಿ ಕೂತ. ಎಲೆ ಅಡಿಕೆ ಹಾಕಿಕೊಳ್ಳುವವನ ಹಾಗೆ ಆರಾಮವಾಗಿ ಗೋಡೆಗೆ ಒರಗಿದ. ಆಗ ಬಳ್ಳಿ ಕಣ್ಣು ಮುಚ್ಚಿಕೊಂಡು ಕಿಡಿ ಹಚ್ಚಿತು.

ಚುರ್ರ್ ಅಂದಿತು. ಎಲೆ "ಅಮ್ಮಾ" ಅಂತ ಕೂಗಿತು. ತುಕ್ಕಣ್ಣನ ಸುತ್ತ ಒಂದು ಕಂದು ಬಣ್ಣದ ಬಳೆ ಮೂಡಿತು.

"ಏನಮ್ಮಾ ಇದು, ಬಂದವರಿಗೆ ಮಾಡುವ ಮರ್ಯಾದೆಯಾ?" ಅಂತ ಅವನು ಎದ್ದ. ಈ ಕಡೆ ಹೋದ, ಒಣಗಿದ ಗೋಡೆ. ಆ ಕಡೆ ಹೋದ, ಒಣಗಿದ ಗೋಡೆ. "ನೀರು," ಅಂದ. ನೀರಿರಲಿಲ್ಲ. ಬೆಳಗಾಗುವ ಹೊತ್ತಿಗೆ ರುಮಾಲು, ಅಂಗಿ, ಬೆಣ್ಣೆ ಮಾತು ಎಲ್ಲ ಸೇರಿ ಒಂದು ಚಿಟಿಕೆ ಪುಡಿಯಾಗಿತ್ತು. ಆದರೆ ಅವನಿಗೆ ಲೆಕ್ಕವಿಲ್ಲದಷ್ಟು ಅಣ್ಣತಮ್ಮಂದಿರಿದ್ದರು, ಅವರೆಲ್ಲರ ಹೆಸರೂ ತುಕ್ಕಣ್ಣನೇ.

ಬೆಳಿಗ್ಗೆ ಇಬ್ಬನಿಯವ್ವ ಬಂದಳು.

"ನಿನ್ನೆಯ ಧೂಳು ನಿನ್ನೆಗೆ, ಇಂದಿನ ಬೆಳಕು ಇಂದಿಗೆ. ಮುಖ ಎತ್ತು ಕಂದಾ, ಮುಖ ಎತ್ತು." ಒರೆಸಿದಳು. ಮಚ್ಚೆ ಹೋಗಲಿಲ್ಲ. ಸೆರಗಿನ ಇನ್ನೊಂದು ತುದಿ ತೆಗೆದುಕೊಂಡು ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದು ನೋಡಿದಳು.

"ಸಾಕು ಅವ್ವಾ, ಉರಿಯುತ್ತೆ," ಅಂದಿತು ಎಲೆ.

ಬಳ್ಳಿ ಆ ಮಚ್ಚೆಯನ್ನು ನೋಡಿತು. ನೋಡುತ್ತಾ ನೋಡುತ್ತಾ ಒಂದೊಂದೇ ಬಂದಿತು. ಕಿಡಿ. ಬಿಸಿಲಪ್ಪ. ಕೆಂಪು ರುಮಾಲು. ಕಾಲ ಬುಡದ ಹಳದಿ ರಾಶಿ.

"ನಿನ್ನೆ," ಅಂದಿತು ಬಳ್ಳಿ.

ಗಿಡಗಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಇರುವೆ ಓಡಿ ಬಂದು, "ಇವತ್ತು ನಾನು ಏನೂ ಹೇಳಬೇಕಾಗಿಲ್ಲವಾ?" ಅಂತ ಕೇಳಿ, ಸಂತೋಷಕ್ಕೆ ಎಲೆಯಿಂದ ಜಾರಿ ಬಿತ್ತು.

ಇಬ್ಬನಿಯವ್ವ ಮಾತ್ರ ಸಪ್ಪಗಾಗಿದ್ದಳು. "ನಿಮ್ಮ ದುಃಖ ಒರೆಸುತ್ತಿದ್ದೇನೆ ಅಂದುಕೊಂಡಿದ್ದೆ," ಅಂದಳು. "ನಾನು ಬಿಟ್ಟುಹೋದ ಹನಿ ಕುಡಿದೇ ಅವನು ಬಲಿಯುತ್ತಿದ್ದನಾ?"

ಬಳ್ಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಹೌದವ್ವಾ," ಅಂದಿತು.

"ಹಾಗಾದರೆ ನಾಳೆಯಿಂದ ಬರುವುದಿಲ್ಲ."

"ಬಾರದೆ ಇರಬೇಡ. ಧೂಳು ಯಾರು ಒರೆಸುತ್ತಾರೆ? ಚಳಿಗಾಲದಲ್ಲಿ ಮಳೆಯೂ ಇಲ್ಲ, ಬಾಯಿಗೆ ನೀನೇ ತಂಪು. ಬಾ. ಆ ಮಚ್ಚೆ ಒಂದನ್ನು ಬಿಟ್ಟು ಒರೆಸು."

ಇಬ್ಬನಿಯವ್ವ ಮಚ್ಚೆಯ ಸುತ್ತ ಮೆಲ್ಲಗೆ ಸೆರಗು ಆಡಿಸಿ ಮುಂದಿನ ಗಿಡಕ್ಕೆ ಹೋದಳು.

ಈಗ ನೆನಪು ಬಂತಲ್ಲ, ಬಳ್ಳಿಗೆ ಕೆಲಸವೂ ಬಂತು. ಬೇರಿನಿಂದ ತುದಿಯವರೆಗೆ ಹರಿಯುವ ರಸದ ಕೈಯಲ್ಲಿ ಎಲ್ಲ ಎಲೆಗಳಿಗೂ ಹೇಳಿ ಕಳಿಸಿತು: "ಕೆಂಪು ರುಮಾಲಿನವನು ಬಂದರೆ ಬಾಗಿಲು ಓರೆ ಮಾಡಿ. ಗೋಡೆ ದಪ್ಪ ಮಾಡಿ. ಕಹಿ ಅರೆದು ಇಟ್ಟುಕೊಳ್ಳಿ. ಆಗಲೂ ನುಗ್ಗಿದರೆ ಸುಟ್ಟುಕೊಳ್ಳಿ, ಆದರೆ ಚಿಕ್ಕದಾಗಿ."

ಮರುದಿನ ಬಂದ ತುಕ್ಕಣ್ಣ ಬಾಗಿಲಿಗೆ ಮೂಗು ತಗುಲಿಸಿಕೊಂಡ. "ಇದೆಲ್ಲಿಯ ಹೊಸ ಪದ್ಧತಿ?" ಅಂತ ಗೊಣಗಿ, ಪಕ್ಕದ ಬಳ್ಳಿಗೆ ಹೋದ.

ಪಕ್ಕದ ಬಳ್ಳಿ "ಅಯ್ಯೋ ಬಾರಪ್ಪಾ" ಅಂದಿತು.

ಅವರೆ ಬಳ್ಳಿ ಅದನ್ನು ಕೇಳಿಸಿಕೊಂಡಿತು. ಅವಳೂ ತಂಗಿಯೇ ಅಲ್ಲವೇ? ಆದರೆ ಹೇಳುವುದು ಹೇಗೆ? ರಸ ತನ್ನ ಮೈಯೊಳಗೆ ಮಾತ್ರ ಹರಿಯುತ್ತದೆ. ಆಗ ಇರುವೆ ದಾರಿಗೆ ವಾಸನೆ ಬಿಡುವುದು ನೆನಪಾಯಿತು. ನೋಡಿ, ನೆನಪು ಬಂದ ಮೇಲೆ ಎಲ್ಲವೂ ನೆನಪಾಗುತ್ತದೆ. ಬಳ್ಳಿ ತಾನು ಕಲಿತದ್ದನ್ನೆಲ್ಲ ಅರೆದು, ಹಿಂಡಿ, ಎಣ್ಣೆಯಂಥ ಒಂದು ವಾಸನೆ ಮಾಡಿ, ಕಾಯಿ ಸಿಪ್ಪೆಯ ಮೇಲೆ ಹಚ್ಚಿಕೊಂಡು ಗಾಳಿಯನ್ನು ಕರೆಯಿತು. ಗಾಳಿಗೆ ಸುದ್ದಿ ಅಂದರೆ ಪ್ರಾಣ. "ಏನಂತೆ, ಏನಂತೆ?" ಅಂತ ಬಂದು, ಒಂದು ಗಳಿಗೆಯಲ್ಲಿ ಹೊಲವೆಲ್ಲ ಹಂಚಿತು.

ಅದೇ ಅವರೆಯ ಸೊಗಡು. ಕಾಯಿ ಬಿಡಿಸಿದರೆ ಎರಡು ದಿನ ಕೈಗೆ ಅಂಟಿಕೊಂಡಿರುತ್ತದೆ. ಇಬ್ಬನಿ ಬಿದ್ದಷ್ಟೂ ಹೆಚ್ಚುತ್ತದೆ. ನಮ್ಮ ಕಡೆ ಬಿಟ್ಟು ಬಂದು ನಾನೀಗ ಇರುವ ಈ ಸಮುದ್ರದ ಊರಿಗೂ ಅವರೆಕಾಯಿ ಬರುತ್ತದೆ, ಆದರೆ ರೈಲಿನಲ್ಲಿ ಬರುವಷ್ಟರಲ್ಲಿ ಅರ್ಧ ಸುದ್ದಿ ದಾರಿಯಲ್ಲೇ ಉದುರಿಹೋಗಿರುತ್ತದೆ.

ಗಾಳಿ ಹೊಲದ ಆಚೆಗೂ ಹೋಯಿತು. ಜಾಲಿ ಆ ಸುದ್ದಿ ಕೇಳಿ ಬಹಳ ಹೊತ್ತು ಯೋಚಿಸಿತು. ಕೆಲವು ದಿನ ಬಿಟ್ಟು ಮೇಕೆ ಬಂದು, "ಈಗ ತಾನೇ ಬಂದೆ ಕಣಕ್ಕಾ," ಅಂದಾಗ ಅದರ ತುಟಿಗೆ ಏನೋ ಚುಚ್ಚಿತು.

ಅವರೆಯ ಕಾಯಿ ಬಲಿಯಿತು. ಎಲೆಗಳ ಮೇಲೆ ಅಲ್ಲಲ್ಲಿ ಕಂದು ಮಚ್ಚೆ, ಸುತ್ತ ಗಟ್ಟಿ ಹಸಿರು. ಬಳ್ಳಿ ಉಳಿಯಿತು. ಆದರೆ ಒಂದು ಚಿಂತೆ ಉಳಿಯಿತು. ಅವರೆ ಬಳ್ಳಿಯ ಆಯಸ್ಸು ಎಷ್ಟು? ಬೇಸಗೆ ಬಂದರೆ ಮುಗಿಯಿತು. ಮುಂದಿನ ವರ್ಷ ಹುಟ್ಟುವ ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ? ಕಾಳಿಗೆ ಎಲೆಯಿಲ್ಲ, ಸುಟ್ಟುಕೊಳ್ಳಲು ಜಾಗವಿಲ್ಲ.

ಪ್ರತಿ ಕಾಳೂ ಒಂದು ಸಣ್ಣ ಹೊಕ್ಕಳಿನಿಂದ ಕಾಯಿಗೆ ಅಂಟಿಕೊಂಡಿರುತ್ತದೆ. ಬಳ್ಳಿ ಆ ಹೊಕ್ಕಳಿಗೆ ಬಾಯಿಟ್ಟು ಹೇಳತೊಡಗಿತು. ಹಗಲೆಲ್ಲ ಹೇಳಿತು, ಸಂಜೆಯೂ ಹೇಳಿತು. ರುಮಾಲಿನವನ ಕಥೆ, ಬಾಗಿಲ ಕಥೆ, ಕಿಡಿಯ ಕಥೆ. ಹೇಳಿ ಹೇಳಿ ಕಾಳಿನ ಆ ಅಂಚೆಲ್ಲ ಬೆಳ್ಳಗಾಗಿ ಹೋಯಿತು. ಕಾಳುಗಳು ನಿದ್ದೆಗಣ್ಣಿನಲ್ಲಿ ಹ್ಞೂಂ, ಹ್ಞೂಂ ಅಂದವು.

"ಇನ್ನು ಇವು ಮಣ್ಣಿಗೆ ಬಿದ್ದರೆ ಸಾಕು," ಅಂದುಕೊಂಡಿತು ಬಳ್ಳಿ.

ಮಣ್ಣಿಗೆ ಬೀಳಬೇಕಾದರೆ ಹೊಂಬಾಳವ್ವ ಒಪ್ಪಬೇಕಿತ್ತು.

ಹೊಂಬಾಳವ್ವ ಆ ಹೊಲದ ಯಜಮಾನಿ. ಆಗಿನ ಮನುಷ್ಯರಿಗೂ ಗಿಡಗಳ ಮಾತು ತಿಳಿಯುತ್ತಿತ್ತಂತೆ. ಆದರೆ ಅವರು ಆಗಲೇ ತಾವೇ ಮಾತಾಡಿ ತಾವೇ ಕೇಳಿಸಿಕೊಳ್ಳುವುದನ್ನು ಕಲಿತುಬಿಟ್ಟಿದ್ದರು. ಬಾಯಿಗೆ ಹಾಕುವ ಮೊದಲು ಬಿತ್ತನೆಗೆ ಎತ್ತಿಡಬೇಕು ಎಂಬುದು ಹೊಂಬಾಳವ್ವನ ನೇಮ. ಆ ನೇಮದೊಳಗೆ ಇನ್ನೊಂದು ನೇಮ: ಬಿತ್ತನೆಯ ಕಾಯಿ ಬಿಡಿಸುವ ಬಳ್ಳಿಯ ಮೇಲೆ ಎಳ್ಳು ಕಾಳಿನಷ್ಟೂ ಮಚ್ಚೆ ಇರಕೂಡದು. ಮಚ್ಚೆ ಬಳ್ಳಿಯ ಕಾಳು ಸಾರಿಗೆ, ಬಳ್ಳಿ ಹಸುವಿಗೆ. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಅವಳೂ ಹಾಗೆ ಮಾಡುತ್ತಿದ್ದಳು. ವರ್ಷ ವರ್ಷವೂ, ರೋಗ ಮುಟ್ಟದ, ಏನೂ ಅರಿಯದ ಬಳ್ಳಿಗಳ ಕಾಳನ್ನೇ ಹುಡುಕಿ ಹುಡುಕಿ ಬಿತ್ತುತ್ತಿದ್ದರು.

ಕಾಯಿ ಒಣಗಿದಾಗ ಹೊಂಬಾಳವ್ವ ಸೊಸೆ ದ್ಯಾವೀರಿಯನ್ನು ಕರೆದುಕೊಂಡು ಹೊಲಕ್ಕೆ ಬಂದಳು. ಬದುವಿನ ಹುತ್ತದ ಮರೆಯಲ್ಲಿ ಒಂದು ಬಳ್ಳಿ ಇತ್ತು. ಅಲ್ಲಿಗೆ ಗಾಳಿ ಹೋಗುತ್ತಿರಲಿಲ್ಲ, ಹಾಗಾಗಿ ತುಕ್ಕಣ್ಣನೂ ಹೋಗಿರಲಿಲ್ಲ, ಸುದ್ದಿಯೂ ಹೋಗಿರಲಿಲ್ಲ. ಹೊಂಬಾಳವ್ವ ಅದರ ಮುಂದೆ ಕೂತು ಮುದ್ದಿನಿಂದ ಕಾಯಿ ಬಿಡಿಸತೊಡಗಿದಳು.

"ಲೇ ದ್ಯಾವೀರಿ, ಅಲ್ಲೇನೇ ಮಾಡ್ತಿದ್ದೀಯ? ಆ ಮಚ್ಚೆ ಬಳ್ಳಿ ಕಿತ್ತು ಹಸೂಗೆ ಹಾಕು ಅಂದ್ನಲ್ಲ."

"ಇದ್ರಲ್ಲೂ ಕಾಯಿ ಅವೆ ಅತ್ತೆ."

"ಇದ್ರೆ ಮಡಿಲಿಗೆ ಹಾಕ್ಕೋ, ಸಾರಿಗಾಯ್ತವೆ. ಬೀಜಕ್ಕೆ ಈ ಬಳ್ಳಿ ನೋಡು ಎಂಗದೆ! ಎಣ್ಣೆ ಹಚ್ಚಿ ತಲೆ ಬಾಚಿದಂಗೆ. ಹೆಣ್ಣು ನೋಡಿದಂಗೆ ಬೀಜ ನೋಡ್ಬೇಕು ಕಣೇ. ಮುಖದ ಮ್ಯಾಲೆ ಒಂದು ಕಲೆ ಇರಬಾರ್ದು."

ಬಳ್ಳಿ ಕೂಗಿತು. "ದ್ಯಾವೀರವ್ವಾ, ನನ್ನ ಮಕ್ಕಳನ್ನು ಮಡಕೆಗೆ ಹಾಕಬೇಡ. ಅವಕ್ಕೆ ಎಲ್ಲ ಹೇಳಿಕೊಟ್ಟಿದ್ದೇನೆ. ಅವು ಹೋದರೆ ನಿನ್ನೆಯೇ ಹೋದಂತೆ." ದ್ಯಾವೀರಿಗೆ ಎಲೆ ಸರಸರ ಅಂದದ್ದು ಅಷ್ಟೇ ಕೇಳಿಸಿತು. ಆದರೆ ಕಾಯಿಯ ಸೊಗಡು ಕೈಗೆ ಅಂಟಿತು. ಅವಳು ಕೈ ಮೂಸಿ ನೋಡಿಕೊಂಡಳು. ಇಷ್ಟು ಗಾಢವಾದ ಸೊಗಡು ಅವಳು ಎಂದೂ ಕಂಡಿರಲಿಲ್ಲ. ಬಗ್ಗಿ ಒಂದು ಎಲೆ ಹಿಡಿದು ನೋಡಿದಳು. ಕಂದು ಮಚ್ಚೆ. ಅದರ ಸುತ್ತ ಒಂದು ಬಳೆ. ಬಳೆಯ ಆಚೆ ಎಲೆ ಗಟ್ಟಿಯಾಗಿ ಹಸಿರಾಗಿತ್ತು. ಹಳೆಯ ಎಲೆಗಳಲ್ಲಿ ಮಚ್ಚೆ ದೊಡ್ಡವು, ಹೊಸ ಎಲೆಗಳಲ್ಲಿ ಚಿಕ್ಕವು, ತುದಿಯಲ್ಲಿ ಇಲ್ಲವೇ ಇಲ್ಲ.

ದ್ಯಾವೀರಿಯ ಕೈ ತಾನಾಗಿ ತನ್ನ ಕೆನ್ನೆಗೆ ಹೋಯಿತು. ಅವಳ ಕೆನ್ನೆಯ ತುಂಬ ಗುಳಿ ಗುಳಿ ಕಲೆಗಳಿದ್ದವು. ಚಿಕ್ಕವಳಿದ್ದಾಗ ಸಿಡುಬು ಎದ್ದು, ಬದುಕಿ ಉಳಿದವಳು ಅವಳು.

"ಅತ್ತೆ," ಅಂದಳು, "ಕಲೆ ಇರಬಾರ್ದು ಅಂದ್ರೆ ನನ್ನ ಯಾಕೆ ತಂದ್ಕೊಂಡ್ರಿ?"

"ನಾನೆಲ್ಲಿ ತಂದೆ? ನಿನ್ನ ಮಾವ ನೋಡ್ಕೊಂಡು ಬಂದದ್ದು. ಅದೂ ಸಂಜೆ ಹೊತ್ತು ಹೋಗಿದ್ರು. ಆವಯ್ಯಂಗೆ ಹೊತ್ತು ಮುಳುಗಿದ್ ಮ್ಯಾಲೆ ಕಣ್ಣು ಕಾಣಾಕಿಲ್ಲ."

ದ್ಯಾವೀರಿ ನಕ್ಕಳು. ನಕ್ಕು, ಎಲೆಯನ್ನು ಬಿಡದೆ ಕೇಳಿದಳು, "ಹೋದ್ ವರ್ಷ ಮನೇಗೆ ಸಿಡುಬು ಬಂತಲ್ಲ, ಆಗ ಯಾರ್ಯಾರು ಮಲಗಿದ್ರಿ?"

"ಎಲ್ರೂ ಮಲಗಿದ್ವು. ಕಲೆ ಉಳೀಲಿಲ್ಲ, ನಮ್ ಪುಣ್ಯ."

"ಗಂಜಿ ಕಾಯ್ಸಿ ಬಾಯಿಗೆ ಬಿಟ್ಟೋರು ಯಾರು?"

ಹೊಂಬಾಳವ್ವನ ಕೈ ನಿಂತಿತು. "ನೀನೇ ಕಣವ್ವ. ಇಲ್ಲ ಅಂದೋರ್ಯಾರು?"

"ಇಡೀ ಮನೆ ಮಲಗಿಸಿದ್ದು ನನ್ನ ಯಾಕೆ ಮುಟ್ಲಿಲ್ಲ ಅದು?"

"ನಿಂಗೆ ಒಂದ್ಸಲ ಬಂದು ಹೋಗಿತ್ತಲ್ಲ. ಬಂದು ಹೋದ್ ಮೈಗೆ ಮತ್ತೆ ಬರಾಕಿಲ್ಲ."

"ಈ ಬಳ್ಳೀಗೂ ಬಂದು ಹೋಗ್ಯದೆ ಅತ್ತೆ. ಸಾಯ್ದೆ ನಿಂತದೆ, ನೋಡಿ. ನಿಮ್ಮ ಚೆಲುವೇಗೆ ಇನ್ನೂ ಬಂದೇ ಇಲ್ಲ."

"ಬಳ್ಳೀಗೆ ಏನೇ ಗೊತ್ತಾಯ್ತದೆ?"

"ನನ್ನ ಚರ್ಮಕ್ಕೆ ಏನ್ ಗೊತ್ತಿತ್ತು?"

ಹೊಂಬಾಳವ್ವ ಎದ್ದು ಸೊಂಟಕ್ಕೆ ಕೈ ಕೊಟ್ಟಳು. "ಕಲೆ ಇರೋರೆಲ್ಲ ಒಂದಾಗ್ಬಿಟ್ರಿ. ಆಯ್ತು ಬಿಡು. ಎರಡು ಕುಡಿಕೆ ಇಡಾನ. ನಂದು ನಂಗೆ, ನಿಂದು ನಿಂಗೆ. ನಿನ್ ಬೀಜ ಕೈ ಕೊಡ್ತೋ, ವರ್ಷಪೂರ್ತಿ ಕೊಟ್ಟಿಗೆ ಸಗಣಿ ನೀನೇ ಬಾಚ್ಬೇಕು."

"ಈಗೇನು ನೀವು ಬಾಚ್ತಿದ್ದೀರಾ ಅತ್ತೆ?"

ಮನೆಗೆ ಹೋಗಿ ಎರಡು ಕುಡಿಕೆಗೆ ಒಲೆಯ ಬೂದಿ ಹಾಕಿ, ಬೂದಿಯಲ್ಲಿ ಕಾಳು ಬೆರೆಸಿ, ಬಾಯಿಗೆ ಸಗಣಿ ಮೆತ್ತಿದರು. ಹೊಲದಲ್ಲಿ ಬಳ್ಳಿ ಬೇಸಗೆಯ ಬಿಸಿಲಿಗೆ ಒಣಗಿ, ಪುಡಿಯಾಗಿ, ನೆಲಕ್ಕೆ ಸೇರಿತು. ತನ್ನ ಮಕ್ಕಳು ಕುಡಿಕೆಯಲ್ಲಿವೆ ಎಂಬುದು ಅದಕ್ಕೆ ಗೊತ್ತಿತ್ತು, ಇರುವೆ ಹೋಗಿ ನೋಡಿಕೊಂಡು ಬಂದು ಹೇಳಿತ್ತು.

ಮಳೆ ಬಂತು. ರಾಗಿ ಬಿತ್ತಿದರು. ಅಕ್ಕಡಿ ಸಾಲಿನಲ್ಲಿ ಒಂದು ಕಡೆ ಅತ್ತೆಯ ಅವರೆ, ಇನ್ನೊಂದು ಕಡೆ ಸೊಸೆಯ ಅವರೆ. ಮೊದಮೊದಲು ಅತ್ತೆಯ ಸಾಲೇ ಮುಂದೆ ಹೋಯಿತು. ಎತ್ತರ, ನುಣುಪು, ಅಗಲ ಎಲೆ. ಸೊಸೆಯ ಸಾಲು ಕುಳ್ಳಾಗಿತ್ತು, ಎಲೆ ಸ್ವಲ್ಪ ಒರಟು. ಹೊಂಬಾಳವ್ವ ಹೊಲಕ್ಕೆ ಬಂದಾಗಲೆಲ್ಲ, "ಕೊಟ್ಟಿಗೆ ಪೊರಕೆ ಎಲ್ಲಿಟ್ಟಿದ್ದೀಯೇ?" ಅಂತ ಕೇಳುತ್ತಿದ್ದಳು. ದ್ಯಾವೀರಿ ಬಗ್ಗಿ ತನ್ನ ಸಾಲಿನ ಕಳೆ ಕೀಳುತ್ತಿದ್ದಳು. ಒಳಗೊಳಗೆ ಅವಳಿಗೂ ಧೈರ್ಯವಿರಲಿಲ್ಲ.

ರಾಗಿ ಕೊಯ್ಲಾಯಿತು. ಚಳಿ ಬಂತು. ಗಾಳಿಯ ಹೆಗಲ ಮೇಲೆ ತುಕ್ಕಣ್ಣ ಬಂದ. ಒಬ್ಬನಲ್ಲ, ದಂಡು.

ಅತ್ತೆಯ ಸಾಲಿಗೆ ಹೋಗಿ, "ದೂರದಿಂದ ಬಂದೆ ತಾಯೀ" ಅಂದ.

"ಅಯ್ಯೋ ಬಾರಪ್ಪಾ," ಅಂದವು ನುಣುಪಾದ ಎಲೆಗಳು. ಕಾಯಿ ಇನ್ನೂ ಬಿಟ್ಟಿರಲಿಲ್ಲ, ಹಾಗಾಗಿ ಸಾಲಿಂದ ಸಾಲಿಗೆ ಸುದ್ದಿ ಹಂಚುವ ಸೊಗಡೂ ಇರಲಿಲ್ಲ.

ಸೊಸೆಯ ಸಾಲಿಗೆ ಬಂದು, "ದೂರದಿಂದ ಬಂದೆ ತಾಯೀ" ಅಂದ.

ಕುಳ್ಳ ಬಳ್ಳಿಗಳು ಅವನನ್ನು ಹಿಂದೆ ಯಾವತ್ತೂ ನೋಡಿರಲಿಲ್ಲ. ಆದರೂ ಆ ಕೆಂಪು ರುಮಾಲು ಕಂಡ ಕೂಡಲೇ ಅವಕ್ಕೆ ಏನೋ ಆಯಿತು. ತೊಟ್ಟಿಲಲ್ಲಿ ಯಾರೋ ಕಿವಿಯಲ್ಲಿ ಹೇಳಿದ ಕಥೆಯಂತೆ. ಪೂರ್ತಿ ನೆನಪಿಲ್ಲ, ಆದರೆ ಮರೆತೂ ಇಲ್ಲ. ಬಾಗಿಲುಗಳು ತಾವಾಗಿ ಓರೆಯಾದವು. ಒಳಗೆ ಕಹಿ ಅರೆಯುವ ಸದ್ದು ಕೇಳಿಸಿತು. ನುಗ್ಗಿದವರ ಸುತ್ತ ಚುರ್ರ್, ಚುರ್ರ್ ಅಂತ ಸಣ್ಣ ಬಳೆಗಳು ಮೂಡಿದವು.

ಹದಿನೈದು ದಿನದಲ್ಲಿ ಅತ್ತೆಯ ಸಾಲಿನ ಬುಡದಲ್ಲಿ ಹಳದಿ ರಾಶಿ. ಸೊಸೆಯ ಸಾಲಿನಲ್ಲಿ ಮಚ್ಚೆ ಮಚ್ಚೆಯ ಎಲೆ, ಎಲೆಯ ಸಂದಿಯಲ್ಲಿ ಗೊಂಚಲು ಗೊಂಚಲು ಕಾಯಿ.

ಹೊಂಬಾಳವ್ವ ಎರಡೂ ಸಾಲಿನ ನಡುವೆ ನಡೆದು, ಎರಡೂ ಕಡೆಯ ಎಲೆ ಹಿಡಿದು ನೋಡಿದಳು. ಸಂಜೆ ತಾನೇ ಕೂತು ಕಾಯಿ ಬಿಡಿಸಿ, ಕಾಳು ಹಿದುಕಿ ಸಿಪ್ಪೆ ತೆಗೆದು, ಬೇಳೆ ಸಾರು ಮಾಡಿದಳು. ಯಾವಾಗಲೂ ಕೊನೆಗೆ ಉಣ್ಣುವ ಸೊಸೆಯನ್ನು ಮೊದಲು ಕೂರಿಸಿ, ಮುದ್ದೆ ಇಟ್ಟು, ಮೇಲಿನ ಗಟ್ಟಿ ಬೇಳೆ ಬರುವ ಹಾಗೆ ಸೌಟು ಆಡಿಸಿ ಬಡಿಸಿದಳು.

"ಉಣ್ಣು," ಅಂದಳು. "ಬಿತ್ತನೆಗೆ ಎತ್ತಿಟ್ಟಿವ್ನಿ. ನಿನ್ನ ಸಾಲಿಂದೇ."

ಅಲ್ಲಿಂದ ಆ ಸುದ್ದಿ ಊರಿಂದ ಊರಿಗೆ, ಗಿಡದಿಂದ ಗಿಡಕ್ಕೆ ಹೋಯಿತು. ಬದನೆ ಕಲಿಯಿತು, ಮಾವು ಕಲಿಯಿತು, ಕುಂಡದಲ್ಲಿ ಬೆಳೆಯುವ ಗುಲಾಬಿಯೂ ಕಲಿಯಿತು. ಅವರೆ ಕಾಳಿನ ಅಂಚಿನ ಬಿಳಿ ಗೆರೆ, ತಾಯಿ ಬಾಯಿಟ್ಟು ಹೇಳಿದ ಆ ಜಾಗ, ಹಾಗೇ ಉಳಿಯಿತು. ಅದಕ್ಕೇ ಮಕ್ಕಳೇ, ಬೆಳಿಗ್ಗೆ ಎದ್ದು ಯಾವ ಗಿಡದ ಹತ್ತಿರ ಹೋದರೂ ನಿಮಗೆ ಒಂದಾದರೂ ಎಲೆಯ ಮೇಲೆ ಬಳೆಯಂಥ ಕಂದು ಮಚ್ಚೆ ಕಾಣುತ್ತದೆ, ಮತ್ತು ಇಬ್ಬನಿ ಉಳಿದ ಎಲೆಯನ್ನೆಲ್ಲ ಫಳಫಳ ತೊಳೆದಿದ್ದರೂ ಆ ಮಚ್ಚೆಯನ್ನು ಮಾತ್ರ ಇಂದಿಗೂ ಹಾಗೆಯೇ ಬಿಟ್ಟು ಹೋಗಿರುತ್ತದೆ.